ಎಣಿಕೆ ತಪ್ಪಿದರೆ ಮತ್ತೆ ಲಾಭದಿಂದ

ಜನವರಿ 6, ಸೋಮವಾರ

ವ್ಯೂ 41. ಲೈಕ್ 3. ಕಾಮೆಂಟ್ 0. (ಮೂರು ಲೈಕಿನಲ್ಲಿ ಒಂದು ನನ್ನದೇ.)

ಡೈರಿ ಬರೆಯುವ ಚಟ ನನಗಿಲ್ಲ. ಆದರೆ ಯೂಟ್ಯೂಬಿನಲ್ಲಿ ಪಾಠ ಹೇಳುವ ಪುಣೆಯ ಸರ್ ಕಟ್ಟಪ್ಪಣೆ ಮಾಡಿದ್ದಾರೆ: ಲಿಂಕ್ಡ್‌ಇನ್‌ನಲ್ಲಿ ಜಾಹೀರಾತು ಕೊಡದೆ, ಬರೀ ನಮ್ಮ ಬರಹದ ಬಲದಿಂದ ದೊಡ್ಡ ದೊಡ್ಡ ಕಂಪನಿಯವರ ಕಣ್ಣಿಗೆ ಬೀಳಬೇಕೆಂದರೆ ದಿನದಿನದ ಅಂಕಿ ಬರೆದಿಡಬೇಕಂತೆ. ಬರೆದಿದ್ದೇನೆ. ನೋಡಿದರೆ ಅಳು ಬರುತ್ತದೆ.

ಇವತ್ತು ಅಗರಖೇಡದ ಶೆಡ್ಡಿನಲ್ಲಿ ಮೀಟಿಂಗ್. ನಮ್ಮದು ಭೀಮಾದಂಡೆ ಲಿಂಬೆ ಬೆಳೆಗಾರರ ಕಂಪನಿ. ಹೆಸರು ಉದ್ದ, ವ್ಯಾಪಾರ ಗಿಡ್ಡ. ನಾನು ಅದರ ಮ್ಯಾನೇಜರು, ಮತ್ತು ನನ್ನ ಕೈಕೆಳಗೆ ಮ್ಯಾನೇಜ್ ಮಾಡಿಸಿಕೊಳ್ಳುವವರು ಯಾರೂ ಇಲ್ಲ. ಅಧ್ಯಕ್ಷ ಬಸಣ್ಣ ಮೀಸೆ ತಿಕ್ಕುತ್ತಾ ಹೇಳಿಯೇ ಬಿಟ್ಟರು:

"ಪಲ್ಲವಿ, ಯುಗಾದಿ ತನಕ ನೋಡ್ತೇವಿ. ಶೆಡ್ಡಿಗೇ ಬಂದು ಕಾಯಿ ಒಯ್ಯೋ ಗಿರಾಕಿ ಒಬ್ಬನ್ನ ತಂದು ನಿಲ್ಲಸು. ಇಲ್ಲಂದ್ರ ಶೆಡ್ಡು ಉಳ್ಳಾಗಡ್ಡಿ ಸಾವಕಾರಗ ಕೊಟ್ಟುಬಿಡೋದ. ಖಾಲಿ ಶೆಡ್ಡ ಇಟ್ಕೊಂಡು ಏನ ಮಾಡೂದೈತಿ?"

"ತರ್ತೇನ್ರಿ. ಲಿಂಕ್ಡ್‌ಇನ್‌ನ್ಯಾಗ ತರ್ತೇನಿ," ಎಂದೆ.

"ಅದೆಲ್ಲಿ ಬರ್ತೈತಿ? ಸೊಲ್ಲಾಪುರದ ಕಡೇನ?"

ಚಹಾ ತಂದ ಶೇವಂತೆವ್ವ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಲಿಂಬೆಕಾಯಿ ಆರಿಸಿ ಎಣಿಸುವ ಹೆಂಗಸರಿಗೆ ಅವಳೇ ಹಿರಿಯಳು. "ಉಳ್ಳಾಗಡ್ಡಿ ಬಂದ್ರ ನಾವು ಏಳು ಮಂದಿ ಎಲ್ಲಿ ಹೋಗೂನು?" ಎಂದು ಕೇಳಿದಳು. ಈರುಳ್ಳಿ ಗೋದಾಮಿನಲ್ಲಿ ಎಣಿಸುವವರು ಬೇಕಿಲ್ಲ. ಬಸಣ್ಣ ಚಹಾ ಕುಡಿದರು.

ಹೆದರಿಕೆ ಆಗಿದೆ. ಆದರೆ ಹುಮ್ಮಸ್ಸೂ ಇದೆ. ಎಂಬತ್ತಮೂರು ದಿನ ಉಳಿದಿವೆ.

ಜನವರಿ 8, ಬುಧವಾರ

ವ್ಯೂ 63. ಲೈಕ್ 5. ಕಾಮೆಂಟ್ 1. (ಅಳಿಸಿದ್ದೇನೆ.)

'ಲಿಂಬೆ ನನಗೆ ಕಲಿಸಿದ ಐದು ನಾಯಕತ್ವದ ಪಾಠಗಳು' ಎಂದು ಇಂಗ್ಲಿಷಿನಲ್ಲಿ ಬರೆದು ಹಾಕಿದೆ. ಲಿಂಬೆ ನನಗೆ ಯಾವ ಪಾಠವನ್ನೂ ಕಲಿಸಿಲ್ಲ. ಆದರೆ ಸರ್ ಹೇಳಿದ್ದಾರೆ, ಐದು ಪಾಠ ಇರಲೇಬೇಕು, ಫೋಟೋದಲ್ಲಿ ಕೋಟು ಇರಲೇಬೇಕು. ಇಂಡಿ ಬಸ್ ಸ್ಟ್ಯಾಂಡಿನ ಎದುರು ಆನ್‌ಲೈನ್ ಅಂಗಡಿ ಇಟ್ಟಿರುವ ಗೆಳತಿ ಸಿದ್ದೀಕಾ ತನ್ನ ಅಣ್ಣ ಫಕ್ರುದ್ದೀನನ ಮದುವೆ ಕೋಟು ತಂದುಕೊಟ್ಟಳು. ಅವಳ ಅಂಗಡಿಯ ಮೇಲಿನ ಕೋಣೆಯೇ ನನ್ನ ಬಾಡಿಗೆ ಮನೆ. ಕೋಟಿನ ತೋಳು ಬೆರಳು ಮುಚ್ಚುತ್ತದೆ. ಕೈ ಕಟ್ಟಿ ನಿಂತರೆ ಗೊತ್ತಾಗುವುದಿಲ್ಲ. ಹಿಂದೆ ಕಾಣುತ್ತಿದ್ದ ಗೋಣಿಚೀಲಗಳ ಮೇಲೆ ನವಿಲಿನ ಚಾದರ ಹೊದಿಸಿದೆ.

ಹತ್ತು ನಿಮಿಷಕ್ಕೆ ಮೊದಲ ಕಾಮೆಂಟ್ ಬಂತು. ತೆರೆದು ನೋಡಿದರೆ ಸಿಂದಗಿಯಿಂದ ಅಪ್ಪ! ಸುಭಾಸ ಮಾಸ್ತರರು ನಿವೃತ್ತರಾದ ಮೇಲೆ ನಾನಿರುವ ಕಡೆಯಲ್ಲೆಲ್ಲ ಖಾತೆ ತೆರೆಯುತ್ತಾರೆ.

"ಮಗಳೇ, ಜೈ ಭೀಮ. ಫೋನ್ ಏಕೆ ಎತ್ತುತ್ತಿಲ್ಲ? ಊಟ ಆಯಿತೇ? ನಿನ್ನ ಅವ್ವ ಸಜ್ಜೆ ರೊಟ್ಟಿ ಕಳುಹಿಸಿದ್ದಾಳೆ. ಇಂಡಿ ಬಸ್ಸಿನ ಕಂಡಕ್ಟರರ ಹತ್ತಿರ ಇಸಿದುಕೊಳ್ಳುವುದು."

ನಾಯಕತ್ವದ ಪಾಠದ ಕೆಳಗೆ ರೊಟ್ಟಿ ಗಂಟು! ಸಿಟ್ಟು ನೆತ್ತಿಗೇರಿತು. ಆ ಕ್ಷಣವೇ ಅಳಿಸಿದೆ. ಆಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿ ರೊಟ್ಟಿ ಇಸಿದುಕೊಂಡೆ. ಜೊತೆಗೆ ಗುರೆಳ್ಳಿನ ಪುಡಿಯೂ ಇತ್ತು.

ಜನವರಿ 13, ಸೋಮವಾರ, ಭೋಗಿ

ವ್ಯೂ 58. ಲೈಕ್ 4. ಕಾಮೆಂಟ್ 0.

ಹೊಸ ಪಾಠ: ಪೋಸ್ಟ್ ಹಾಕಿದ ಮೊದಲ ಒಂದು ತಾಸು ಬಂಗಾರದ ತಾಸು. ಆಗ ಲೈಕು, ಕಾಮೆಂಟು ಬಿದ್ದರೆ ಅದು ತಾನಾಗಿ ಹೊರಗಿನವರಿಗೆ ಹಬ್ಬುತ್ತದೆ. ಬೀಳದಿದ್ದರೆ ಅಲ್ಲೇ ಸತ್ತು ಮಲಗುತ್ತದೆ. ನನ್ನವೆಲ್ಲ ಹೀಗೇ ಸಾಲಾಗಿ ಮಲಗಿವೆ.

ಸಿದ್ದೀಕಾಗೆ ಹೇಳಿದೆ. ಅವಳಿಗೆ ಯಾವುದೂ ಕಷ್ಟವಲ್ಲ. "ಇದಕ್ಯಾಕ ಇಷ್ಟು ಮುಖ ಸಣ್ಣ ಮಾಡ್ತಿ? ಊರ ಮಂದಿಗೆಲ್ಲ ನಾ ಖಾತೆ ತಗದುಕೊಡ್ತೇನಿ. ಪಹಣಿ ತಗಸಾಕ ಬಂದವರು, ರೇಷನ್ ಕಾರ್ಡಿಗೆ ಬಂದವರು, ಒಬ್ಬರನ್ನೂ ಬಿಡಂಗಿಲ್ಲ. ನಿನ್ನ ಪೋಸ್ಟ್ ಬಿದ್ದ ಕೂಡ್ಲೆ ಎಲ್ಲಾರೂ ಒತ್ತಿದ್ರಾತಿಲ್ಲೊ?"

ಎಂಥ ತಲೆ! ಅವಳನ್ನು ತಬ್ಬಿಕೊಂಡೆ. ಎಳ್ಳು ಹಚ್ಚಿದ ರೊಟ್ಟಿ ತಿಂದೆವು.

ಜನವರಿ 20, ಸೋಮವಾರ

ವ್ಯೂ 912!! ಲೈಕ್ 44! ಕಾಮೆಂಟ್ 36!

ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಕೈ ಅಲುಗುತ್ತಿದೆ, ಅಕ್ಷರ ಕುಣಿಯುತ್ತಿವೆ. ಕುಣಿಯಲಿ.

ಒಂದೇ ವಾರದಲ್ಲಿ ಸಿದ್ದೀಕಾ ನಲವತ್ತೊಂದು ಜನರಿಗೆ ಖಾತೆ ತೆಗೆದುಕೊಟ್ಟಿದ್ದಾಳೆ. ಶೆಡ್ಡಿನ ಹೆಂಗಸರು, ಟೆಂಪೋ ಓಡಿಸುವ ಯಲ್ಲಾಲಿಂಗ, ಬಸಣ್ಣ, ಚಹಾದಂಗಡಿಯವರು, ಕುರಿ ಕಾಯುವ ಅಮಸಿದ್ದಜ್ಜ, ಎಲ್ಲರೂ ಈಗ ಲಿಂಕ್ಡ್‌ಇನ್‌ನಲ್ಲಿದ್ದಾರೆ. ಬೆಳಿಗ್ಗೆ ಒಂಬತ್ತಕ್ಕೆ ನಾನು ಪೋಸ್ಟ್ ಹಾಕಿದೆ. ಯಲ್ಲಾಲಿಂಗ ಟೆಂಪೋದ ಹಾರ್ನು ಹೊಡೆದ. ಅದೇ ಗುರುತು. ಊರೆಲ್ಲ ಒತ್ತಿತು.

ಕಾಮೆಂಟುಗಳ ವಿಷಯ ಬೇರೆ. ಮೂವತ್ತೊಂದು ಜನ 'ಶರಣ್ರಿ' ಎಂದು ಬರೆದಿದ್ದಾರೆ. ಮೂವರು ಗುಲಾಬಿ ಹೂ ಹಾಕಿದ್ದಾರೆ. ಅಮಸಿದ್ದಜ್ಜ ತನ್ನ ಟಗರಿನ ಫೋಟೋ ಹಾಕಿದ್ದಾನೆ. ಅಪ್ಪ ಮತ್ತೆ ಊಟ ಆಯಿತೇ ಎಂದು ಕೇಳಿದ್ದಾರೆ. ಅಳಿಸಿದೆ.

ಇರಲಿ, ಅಂಕಿ ಅಂಕಿಯೇ. ಸರ್ ಹೇಳುವ ಗುರಿ ಪ್ರೇಕ್ಷಕರು, ಅಂದರೆ ಕಾಯಿ ಕೊಳ್ಳುವ ಕಂಪನಿಯವರು, ಇನ್ನೇನು ಬರುತ್ತಾರೆ.

ಫೆಬ್ರವರಿ 3, ಸೋಮವಾರ

ವ್ಯೂ 104. ಲೈಕ್ 43. ಕಾಮೆಂಟ್ 31, ಎಲ್ಲವೂ 'ಶರಣ್ರಿ'.

ಗುರಿ ಪ್ರೇಕ್ಷಕರು ಬರಲಿಲ್ಲ. ಅದೇ ನಲವತ್ತೊಂದು ಮಂದಿ ದಿನಾ ಬಂದು ಕೈಮುಗಿದು ಹೋಗುತ್ತಾರೆ. ಹೊರಗಿನವರು ಒಬ್ಬರಾದರೂ ನಿಂತು ಏನು ಎಂದು ಕೇಳಿಲ್ಲ. ಹೈದರಾಬಾದ್, ಪುಣೆ, ಬೆಳಗಾವಿಯ ಕಂಪನಿಗಳಿಗೆ ಕಳಿಸಿದ ಮೂವತ್ತು ಮೆಸೇಜುಗಳಿಗೆ ಉತ್ತರವಿಲ್ಲ. ಬಸಣ್ಣ ಎದುರಾದಾಗಲೆಲ್ಲ "ಏನಂತೈತಿ ನಿನ್ನ ಲಿಂಕು?" ಎಂದು ಕೇಳುತ್ತಾರೆ. ಯುಗಾದಿಗೆ ಐವತ್ತೈದು ದಿನ.

ಬೇಜಾರು. ಇಷ್ಟೇ.

ಫೆಬ್ರವರಿ 11, ಮಂಗಳವಾರ

ವ್ಯೂ 97. ಲೈಕ್ 40.

ಇವತ್ತು ವಿಡಿಯೋ ಮಾಡೋಣವೆಂದು ಕೋಟು ಹಾಕಿಕೊಂಡು ಶೆಡ್ಡಿಗೆ ಹೋದೆ. ಯಲ್ಲಾಲಿಂಗನ ಫೋನಿನ ಕ್ಯಾಮೆರಾ ಚೆನ್ನಾಗಿದೆ ಎಂದು ಅವನನ್ನೇ ಹಿಡಿಯಲು ನಿಲ್ಲಿಸಿದೆ. ನಲವತ್ತೈದರ ಗಂಡಸು, ಫೋನನ್ನು ಕುರಿಮರಿ ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಎದೆಗವಚಿ ಹಿಡಿಯುತ್ತಾನೆ. ನಾನು ಶುರು ಮಾಡಿದೆ. ಹಿಂದೆ ಶೇವಂತೆವ್ವ ರಾಶಿಯ ಮುಂದೆ ಕುಳಿತು ಎಣಿಸುತ್ತಿದ್ದಳು.

ಅವಳ ಎಣಿಕೆ ಹೇಗೆಂದರೆ, ಒಂದು ಹಿಡಿಗೆ ಐದು ಕಾಯಿ. ಇಪ್ಪತ್ತು ಹಿಡಿಗೆ ನೂರು. ನೂರಾದರೆ ಗುರುತಿಗೆ ಒಂದು ಕಾಯಿ ಪಕ್ಕಕ್ಕೆ. ಹತ್ತು ಗುರುತಾದರೆ ಸಾವಿರದ ಚೀಲ ತುಂಬಿತು, ಗುರುತಿನ ಹತ್ತೂ ಕೊಸರಾಗಿ ಅದರ ಮೇಲೆ. ಮೊದಲ ಹಿಡಿಗೆ ಅವಳು ಒಂದು ಎನ್ನುವುದಿಲ್ಲ, ಇಲ್ಲಿ ಯಾರೂ ಅನ್ನುವುದಿಲ್ಲ. ಶುಭವಾಗಲೆಂದು "ಲಾಭ" ಅನ್ನುತ್ತಾಳೆ. ಲಾಭ, ಎರಡ, ಮೂರ, ನಾಕ... ರಾಗವಾಗಿ, ಜೋರಾಗಿ. ಎಣಿಸುವಾಗ ಯಾರೂ ಮಾತಾಡಿಸಬಾರದು. ಮಾತಾಡಿಸಿದರೆ ಆ ನೂರನ್ನು ರಾಶಿಗೆ ಸುರಿದು ಮತ್ತೆ ಲಾಭದಿಂದ ಶುರು.

"ಶೇವಂತೆವ್ವ, ಸ್ವಲ್ಪ ಸಣ್ಣಾಗಿ ಎಣಸವ್ವಾ," ಎಂದೆ.

ಸುರಿದಳು! ಹದಿನೇಳು ಹಿಡಿ, ಬುಟ್ಟಿ ಎತ್ತಿ ದಡಬಡ ಎಂದು ರಾಶಿಗೆ ಸುರಿದುಬಿಟ್ಟಳು. "ಏ ಕೋಟಿನ ಹುಡುಗಿ! ನಿನ್ನ ಬಾಯಿಗೆ ಕೀಲಿ ಇಲ್ಲೇನ? ಎಣಿಕಿ ತಪ್ಪಿಸಿದಿ ನೋಡು. ಒಣ ಭಾಷಣ ಮಾಡೂದಿದ್ರ ಹೊರಗ ಹೋಗಿ ಬೇವಿನ ಗಿಡಕ್ಕ ಮಾಡು."

ಆ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ವಿಡಿಯೋ ಮುಗಿಸಿದೆ. ನಾಯಿ ಬೊಗಳಿತು. ಹಾಗೇ ಹಾಕಿದೆ.

ಫೆಬ್ರವರಿ 13, ಗುರುವಾರ

ನನ್ನ ವಿಡಿಯೋ: ವ್ಯೂ 212.
ಶೇವಂತೆವ್ವನ ವಿಡಿಯೋ: ವ್ಯೂ 18,600.

ಹೌದು, ಶೇವಂತೆವ್ವನದು! ಯಲ್ಲಾಲಿಂಗ ಅವತ್ತು ಫೋನ್ ನಿಲ್ಲಿಸಿರಲೇ ಇಲ್ಲ. ಅವಳು ಎಣಿಸಿದ್ದು, ಸುರಿದದ್ದು, ನನ್ನನ್ನು ಬೈದದ್ದು, ನಾನು ತೋಳು ಜೋಲಾಡಿಸುತ್ತಾ ಹೊರಗೆ ಹೋದದ್ದು, ಪೂರಾ ಬಂದಿದೆ. "ಚಂದ ಬಂದೈತಿ, ನಂದೂ ಒಂದ ಖಾತೆ ಐತಲ್ಲ, ಅದಕ್ಕ ಹಾಕು," ಎಂದು ಶೇವಂತೆವ್ವ ಹೇಳಿದಳಂತೆ, ಅವನು ಹಾಕಿದನಂತೆ.

ಹೊಟ್ಟೆ ಉರಿಯುತ್ತಿದೆ. ಯಾರೂ ಓದದ ಡೈರಿ ಇದು, ಇಲ್ಲೂ ಸುಳ್ಳು ಯಾಕೆ ಬರೆಯಲಿ? ಒಂದು ತಿಂಗಳಿಂದ ನಾನು ಪಾಠ ಕೇಳಿ, ಕೋಟು ಹೊತ್ತು, ಚಾದರ ಹೊದಿಸಿ ಒದ್ದಾಡಿದ್ದಕ್ಕೆ ಇನ್ನೂರ ಹನ್ನೆರಡು. ಅವಳು ಬೈದದ್ದಕ್ಕೆ ಹದಿನೆಂಟು ಸಾವಿರ.

ಫೆಬ್ರವರಿ 17, ಸೋಮವಾರ

ಅವಳದು 40,000 ದಾಟಿತು. ನನ್ನದು ನೋಡಿಲ್ಲ.

ಇಡೀ ಭಾನುವಾರ ಶೇವಂತೆವ್ವನ ವಿಡಿಯೋದ ಕೆಳಗಿನ ಕಾಮೆಂಟ್ ಓದುತ್ತಾ ಕುಳಿತಿದ್ದೆ. ಬಸವನ ಬಾಗೇವಾಡಿಯ ಒಬ್ಬ ಇಂಜಿನಿಯರ್ "ನಮ್ಮವ್ವ ಜ್ವಾಳ ಅಳೆಯುವಾಗ ಹಿಂಗ ಅಂತಿದ್ಲು" ಎಂದು ಬರೆದಿದ್ದಾನೆ. ಮುದ್ದೇಬಿಹಾಳದ ಬ್ಯಾಂಕಿನವರೊಬ್ಬರು "ನಮ್ಮ ಕಡೆ ಏಳು ಅನ್ನಂಗಿಲ್ಲ, ಮತ್ತೊಂದು ಅಂತೀವಿ" ಎಂದು ಶುರು ಮಾಡಿದರು. ಅದಕ್ಕೆ ಸಿಂದಗಿಯವರು ಹೂಂ ಅಂದರು, ಬಾಗೇವಾಡಿಯವರು ಊಹೂಂ ಅಂದರು. ನೂರಿಪ್ಪತ್ತು ಮಾತು ನಡೆದಿದೆ, ಇನ್ನೂ ಮುಗಿದಿಲ್ಲ. ಎಲ್ಲರೂ ಇದನ್ನು ತಮ್ಮ ತಮ್ಮ ಬಳಗಕ್ಕೆ ಕಳಿಸಿದ್ದಾರೆ. ಸರ್ ಹೇಳುವ ರೀಚ್ ಎಂದರೆ ಇದೇ ಇರಬೇಕು. ಒಬ್ಬರೂ 'ಶರಣ್ರಿ' ಅಂದಿಲ್ಲ.

ಮಧ್ಯದಲ್ಲಿ ಒಂದು ಕಾಮೆಂಟ್. ತಬ್ರೇಜ ಎಂಬವರು, ಹೈದರಾಬಾದಿನಲ್ಲಿ ಉಪ್ಪಿನಕಾಯಿ ಮತ್ತು ಲಿಂಬೆರಸ ಮಾಡುವ ಕಾರ್ಖಾನೆಗೆ ಕಾಯಿ ಕೊಳ್ಳುವ ಅಧಿಕಾರಿ. "ನಮ್ಮ ಅಜ್ಜ ಇಬ್ರಾಹಿಂಸಾಬ ಮನಗೂಳಿ ಸಂತ್ಯಾಗ ಹಿಂಗ ಲಾಭ ಅಂತ ಎಣಸ್ತಿದ್ದ. ಮೂವತ್ತ ವರ್ಷ ಆದ ಮ್ಯಾಲೆ ಕೇಳಿದೆ. ಅವ್ವಾರ, ನಿಮ್ಮ ಕಾಯಿ ನಮಗ ಕೊಡ್ತೀರೇನು?"

ಓದಿ ಮಂಚದ ಮೇಲೆ ನಿಂತು ಕುಣಿದೆ. ಕೆಳಗಿನಿಂದ ಸಿದ್ದೀಕಾ "ಮಾಳಗಿ ಬೀಳಸ್ತೀಯೇನ?" ಎಂದು ಕೂಗಿದಳು.

ಫೆಬ್ರವರಿ 18, ಮಂಗಳವಾರ

ಕುಣಿದದ್ದು ಬೇಗ ಆಯಿತು.

ತಬ್ರೇಜ ನನಗೇ ಮೆಸೇಜ್ ಮಾಡಿದ್ದಾರೆ: "ನಿಮ್ಮ ಕಂಪನಿಯ ಪುಟ ನೋಡಿದೆ. ನಲವತ್ತಮೂರು ಜನ ಕೆಲಸದವರು, ಇಷ್ಟು ದೊಡ್ಡ ತಂಡ ಇಂಡಿ ತಾಲ್ಲೂಕಿನಲ್ಲಿ ಇದೆ ಎಂದು ಗೊತ್ತಿರಲಿಲ್ಲ. ಮಾರ್ಚ್ ಕೊನೆಗೆ ಬಂದು ನೋಡುತ್ತೇನೆ."

ಯಾವ ನಲವತ್ತಮೂರು? ಓಡಿಹೋಗಿ ಕಂಪನಿ ಪುಟ ತೆರೆದೆ. ಅಯ್ಯೋ ನನ್ನ ಕರ್ಮವೇ! ಖಾತೆ ತೆಗೆಯುವಾಗ 'ಎಲ್ಲಿ ಕೆಲಸ, ಯಾವ ಹುದ್ದೆ' ಎಂದು ಕೇಳುತ್ತದಲ್ಲ, ಅಲ್ಲಿ ಎಲ್ಲರೂ ನಮ್ಮ ಕಂಪನಿಯ ಹೆಸರು ಬರೆಸಿದ್ದಾರೆ. ಯಲ್ಲಾಲಿಂಗ 'ಸಾರಿಗೆ ಮಂತ್ರಿ'. ಅಮಸಿದ್ದಜ್ಜ 'ಹಿರಿಯ ಮ್ಯಾನೇಜರ್, ಕುರಿ ವಿಭಾಗ'. ಚಹಾದಂಗಡಿಯ ಭೀಮು 'ಚಹಾ ಡೈರೆಕ್ಟರ್'. ಬಸಣ್ಣ 'ಮಾಲಕರ ಮಾಲಕ'. ಅಪ್ಪ ಸಹ ಬದಲಾಯಿಸಿಕೊಂಡಿದ್ದಾರೆ: 'ಮ್ಯಾನೇಜರರ ತಂದೆ (ನಿವೃತ್ತ)'. ತಂದೆತನದಿಂದ ಯಾವಾಗ ನಿವೃತ್ತರಾದರೋ!

ಸಿದ್ದೀಕಾಳನ್ನು ಕೇಳಿದರೆ ಅವಳಿಗೆ ಒಂದಿಷ್ಟೂ ಅಳುಕಿಲ್ಲ. "ಎಲ್ಲಿ ಕೆಲಸ ಅಂತ ಕೇಳಿದೆ. ಪಲ್ಲವಿಬಾಯಿಗೆ ಸಹಾಯ ಆಗಲಿ, ಅಕಿ ಕಂಪನಿ ಹೆಸರು ಹಾಕು ಅಂದ್ರು. ಪ್ರೀತಿಲೆ ಹೇಳಿದ್ರ ನಾ ಬ್ಯಾಡ ಅನ್ನಲೇನ?"

ನಕ್ಕೆ. ನಗುತ್ತಾ ಅತ್ತೆ. ಆ ಮನುಷ್ಯ ನಲವತ್ತಮೂರು ಜನರನ್ನು ನೋಡಲು ಬರುತ್ತಿದ್ದಾರೆ.

ಫೆಬ್ರವರಿ 22, ಶನಿವಾರ

ಬಸಣ್ಣನ ಪ್ರಕಾರ ಇದು ಸಮಸ್ಯೆಯೇ ಅಲ್ಲ. "ನಲವತ್ಮೂರು ಮಂದಿ ಬೇಕಲ್ಲ? ಅವಾ ಬರೂ ದಿನ ನಿಲ್ಲಸ್ತೇನಿ. ಎಲ್ಲಾರಿಗೂ ಒಂದೊಂದು ಬುಟ್ಟಿ ಕೊಡೂನು. ಕೆಲಸ ಮಾಡಿದಂಗ ಮಾಡ್ತಾರ, ಚಾ ಕುಡದು ಹೋಗ್ತಾರ. ಬಾಯಿ ಬಿಟ್ಟಿ ನೋಡು, ಶೆಡ್ಡೂ ಹೋಗತೈತಿ, ಆ ಏಳು ಮಂದೀನೂ ಮನಿಗೆ ಹೋಗ್ತಾರ."

ತಪ್ಪು ಅಂತ ಗೊತ್ತು. ಆದರೆ ಒಪ್ಪಿಕೊಂಡೆ. ಯಾರು ಎಲ್ಲಿ ನಿಲ್ಲಬೇಕು ಎಂದು ಹಾಳೆಯಲ್ಲಿ ಚಿತ್ರ ಸಹ ಬರೆದೆ. ಅಮಸಿದ್ದಜ್ಜನನ್ನು ಹಿಂದೆ ಮೂಲೆಯಲ್ಲಿ ಹಾಕಿದ್ದೇನೆ. ಟಗರನ್ನು ತರಬೇಡ ಎಂದರೆ ಅವನು ಒಪ್ಪುತ್ತಿಲ್ಲ.

ಮಾರ್ಚ್ 4, ಮಂಗಳವಾರ

ಶೆಡ್ಡಿನಲ್ಲಿ ಜಾಗ ಅಳೆಯುತ್ತಾ ಓಡಾಡುತ್ತಿದ್ದೆ. ಶೇವಂತೆವ್ವ ಎಣಿಸುತ್ತಿದ್ದಳು ಎಂಬುದು ಮರೆತು, "ನೀ ಅವತ್ತು ಇಲ್ಲೇ ಕೂಡ್ತಿಯೇನವ್ವ?" ಎಂದು ಕೇಳಿಬಿಟ್ಟೆ.

ಬುಟ್ಟಿ ಎತ್ತಿ ಸುರಿದಳು. ಹತ್ತೊಂಬತ್ತು ಹಿಡಿ ಆಗಿತ್ತು. ಇನ್ನೊಂದೇ ಹಿಡಿ.

ನಾನೇ ಕೇಳಿದೆ, "ಹತ್ತೊಂಬತ್ತು ಅಂತ ನನಗ ನೆನಪೈತಿ, ನಿನಗೂ ಇರತೈತಿ. ಸುರಿಯೂದ್ಯಾಕ? ನಾಕು ಕಾಯಿ ಹೆಚ್ಚುಕಡಿಮಿ ಆದ್ರ ಯಾರಿಗೆ ಗೊತ್ತಾಗತೈತಿ?"

ಅವಳು ಸಿಟ್ಟು ಮಾಡಲಿಲ್ಲ. ನನ್ನನ್ನು ಪೆದ್ದಿಯನ್ನು ನೋಡಿದಂತೆ ನೋಡಿ, "ನನಗ ಗೊತ್ತಾಗತೈತಲ್ಲ," ಎಂದಳು. ಮತ್ತೆ ಶುರು ಮಾಡಿದಳು. ಲಾಭ, ಎರಡ, ಮೂರ...

ಬಸ್ಸಿನಲ್ಲಿ ಬರುವಾಗ ಆ ಹಾಳೆ ತೆಗೆದು ನೋಡಿದೆ. ನಲವತ್ತಮೂರು ಸೊನ್ನೆ ಬರೆದು ಬಾಣದ ಗುರುತು ಹಾಕಿದ್ದೆ. ನಾಚಿಕೆಯಾಯಿತು. ಹರಿದು ಕಿಟಕಿಯಿಂದ ಎಸೆಯುವಷ್ಟರಲ್ಲಿ ಕಂಡಕ್ಟರ್ "ಮೇಡಂ, ಕಸ ಹೊರಗ ಒಗಿಬ್ಯಾಡ್ರಿ" ಎಂದ. ಬ್ಯಾಗಿನಲ್ಲೇ ಇಟ್ಟುಕೊಂಡೆ.

ಮಾರ್ಚ್ 5, ಬುಧವಾರ

ಹಾಕಿಬಿಟ್ಟೆ. ಕನ್ನಡದಲ್ಲಿ. ತಬ್ರೇಜ ಅವರ ಹೆಸರನ್ನೂ ಜೋಡಿಸಿದೆ. ಇಲ್ಲಿ ನಕಲು ಮಾಡಿಡುತ್ತೇನೆ:

"ನಮ್ಮ ಕಂಪನಿಯಲ್ಲಿ ನಲವತ್ತಮೂರು ಜನ ಇದ್ದಾರೆ ಎಂದು ಪುಟ ತೋರಿಸುತ್ತಿದೆ. ಆ ಎಣಿಕೆ ತಪ್ಪು. ನನ್ನ ಪೋಸ್ಟಿಗೆ ಲೈಕ್ ಒತ್ತಲೆಂದು ಊರವರಿಗೆ ಖಾತೆ ಮಾಡಿಸಿದ್ದು ನಾನು. ಅವರು ಪ್ರೀತಿಯಿಂದ ನಮ್ಮ ಕಂಪನಿಯ ಹೆಸರು ಬರೆಸಿದರು. ತಪ್ಪು ನನ್ನದು. ಮೊದಲಿನಿಂದ ಎಣಿಸುತ್ತೇನೆ. ಲಾಭ, ಶೇವಂತೆವ್ವ. ಎರಡು, ಮರೆವ್ವ. ಮೂರು, ಯಲ್ಲವ್ವ. ನಾಲ್ಕು, ಸುರೇಖಾ. ಐದು, ದಾನೇಶ್ವರಿ. ಆರು, ಹುಸೇನಬಿ. ಏಳು, ಲಗಮವ್ವ. ಎಂಟು, ಟೆಂಪೋದ ಯಲ್ಲಾಲಿಂಗ. ಇಷ್ಟೇ ಜನ. ಇವರು ಸಾವಿರ ಎಂದು ಕೊಟ್ಟ ಚೀಲದಲ್ಲಿ ಸಾವಿರ ಕಾಯಿ ಇರುತ್ತವೆ."

ಹೆಸರು ಬರೆಯಲು ಕೂತಾಗ ಗೊತ್ತಾಯಿತು, ಏಳು ಜನರಲ್ಲಿ ಇಬ್ಬರ ಹೆಸರು ನನಗೆ ತಿಳಿದೇ ಇರಲಿಲ್ಲ. ಒಂದೂವರೆ ವರ್ಷದಿಂದ ಅವರ ಕೈಯ ಚಹಾ ಕುಡಿಯುತ್ತಿದ್ದೇನೆ. ಶೆಡ್ಡಿಗೆ ಹೋಗಿ ಕೇಳಿಕೊಂಡು ಬಂದೆ. ಲಗಮವ್ವ "ಇಷ್ಟ ದಿನ ನನ್ನ ಏನಂತ ಕರೀತಿದ್ದಿ?" ಎಂದಳು. "ಅವ್ವಾ ಅಂತ" ಎಂದೆ. "ಹಂಗೇ ಕರಿ, ಅದ ಚಲೋ ಐತಿ" ಎಂದಳು.

ಬಸಣ್ಣ ಫೋನಿನಲ್ಲಿ ಕೂಗಾಡಿದರು. "ಕೈಗೆ ಬಂದದ್ದು ಬಾಯಿಗೆ ಬರಲಾರದಂಗ ಮಾಡಿದಿ!" ಕೂಗಲಿ ಎಂದು ಫೋನನ್ನು ಕಿವಿಯಿಂದ ದೂರ ಹಿಡಿದೆ.

ಮಾರ್ಚ್ 10, ಸೋಮವಾರ

ತಬ್ರೇಜ ಅವರಿಂದ ಉತ್ತರವಿಲ್ಲ.

ಮಾರ್ಚ್ 14, ಶುಕ್ರವಾರ, ಹೋಳಿ

ಇಲ್ಲ. ಓದಿದ್ದಾರೆ ಎಂಬ ಗುರುತೂ ಇಲ್ಲ. ಯಲ್ಲವ್ವ ನನ್ನ ಮುಖಕ್ಕೆ ಬಣ್ಣ ಬಳಿದು, "ಹಿಂಗ ಗಂಟ ಹಾಕ್ಕೊಂಡು ಕುಂತ್ರ ಬಣ್ಣಾನ ಹತ್ತಂಗಿಲ್ಲ" ಎಂದಳು. ಆಮೇಲೆ ಏಳು ಜನ ಸೇರಿ ನನ್ನನ್ನು ತೊಟ್ಟಿಯಲ್ಲಿ ಮುಳುಗಿಸಿದರು. ಫಕ್ರುದ್ದೀನನ ಕೋಟು ಕೋಣೆಯಲ್ಲಿತ್ತು, ಪುಣ್ಯ.

ಮಾರ್ಚ್ 19, ಬುಧವಾರ

ಉಳ್ಳಾಗಡ್ಡಿ ಸಾವಕಾರ ಅಳತೆಯ ಟೇಪು ತಂದು ಶೆಡ್ಡು ಅಳೆದ. ಒಂದು ತುದಿಯನ್ನು ಹಿಡಿ ಎಂದು ಶೇವಂತೆವ್ವನಿಗೇ ಕೊಟ್ಟ! ಅವಳು ಹಿಡಿಯಲಿಲ್ಲ. ಕೈಯಲ್ಲಿ ಲಿಂಬೆ ಇದ್ದವು, ಎಣಿಸುತ್ತಾ ಇದ್ದಳು. ಟೇಪು ಸರ್ರನೆ ಸುತ್ತಿಕೊಂಡು ಅವನ ಬೆರಳಿಗೇ ಬಡಿಯಿತು. ನಾನು ಮರೆಗೆ ಹೋಗಿ ನಕ್ಕೆ.

ಆದರೆ ಹೆಂಗಸರ ಮುಖ ನೋಡಿದಾಗ ನಗು ನಿಂತಿತು. ದಾನೇಶ್ವರಿ ತನ್ನ ಮಗಳನ್ನು ಈ ಕೆಲಸದ ಮೇಲೆಯೇ ಸಿಂದಗಿಯಲ್ಲಿ ನರ್ಸಿಂಗಿಗೆ ಹಾಕಿದ್ದಾಳೆ. "ನಾ ಬಾಯಿ ಮುಚ್ಚಿಕೊಂಡಿದ್ರ ಚಲೋ ಇತ್ತೇನವ್ವ?" ಎಂದು ಅವಳನ್ನೇ ಕೇಳಿದೆ. "ನನ್ನ ಹೆಸರು ಬರದಿ, ಮಗಳು ಹಾಸ್ಟೆಲಿನ್ಯಾಗ ಎಲ್ಲಾರಿಗೂ ತೋರಿಸ್ಯಾಳ. ಈಗ ಅಳಸಬ್ಯಾಡ," ಎಂದಳು.

ಮಾರ್ಚ್ 24, ಸೋಮವಾರ

ಬಂದರು! ಹೇಳದೆ ಕೇಳದೆ ಬಂದರು!

ಮಧ್ಯಾಹ್ನ ಹನ್ನೆರಡು. ಇಂಡಿ ಬಸ್ಸಿನಿಂದ ಒಬ್ಬರು ಇಳಿದು ನೇರ ಶೆಡ್ಡಿಗೆ ಬಂದರು. ಸಾದಾ ಅಂಗಿ, ಹೆಗಲಿಗೆ ಚೀಲ. ನಾನು ಒಳಗೆ ಲಗಮವ್ವನ ಪಕ್ಕ ಕುಳಿತು ಕಾಯಿ ಆರಿಸುತ್ತಿದ್ದೆ, ಕೈಯೆಲ್ಲ ಲಿಂಬೆ ಸೊನೆ. ಅವರು ಶೇವಂತೆವ್ವನ ಎದುರು ನಿಂತು, "ಅವ್ವಾರ, ಆರಾಮ ಅದೀರೇನ್ರಿ? ನಾ ತಬ್ರೇಜ," ಎಂದರು.

ಶೇವಂತೆವ್ವ ಅವರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬುಟ್ಟಿ ಎತ್ತಿದಳು. ನಾನು ಬೇಡ ಬೇಡ ಎಂದು ಕೈ ಮಾಡಿದೆ. ಸುರಿದೇ ಬಿಟ್ಟಳು. ಹೈದರಾಬಾದಿನ ಗಿರಾಕಿಯ ಕಾಲಮೇಲೆ ನಾಲ್ಕು ಕಾಯಿ ಉರುಳಿದವು. "ಲಾಭ," ಎಂದು ಮತ್ತೆ ಶುರು ಮಾಡಿದಳು.

ಅವರು ಬಗ್ಗಿ ಆ ನಾಲ್ಕು ಕಾಯಿ ಆರಿಸಿ ರಾಶಿಗೆ ಹಾಕಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಒಂದು ಮಾತಾಡಲಿಲ್ಲ. ಹತ್ತು ಗುರುತೂ ಮುಗಿದು ಚೀಲ ತುಂಬುವವರೆಗೆ ಕಾದರು. ಆಮೇಲೆ ಶೇವಂತೆವ್ವನ ಅಪ್ಪಣೆ ಕೇಳಿ ಅದೇ ಚೀಲ ಸುರಿದು ಸ್ವತಃ ಎಣಿಸಿದರು. ಅವರೂ "ಲಾಭ" ಎಂದೇ ಶುರು ಮಾಡಿದರು. ಊರವರು ಬಾಗಿಲಲ್ಲಿ ಸೇರಿದರು. ಬಸಣ್ಣ ಬಂದರು. ಅಮಸಿದ್ದಜ್ಜ ಟಗರಿನ ಸಮೇತ ಬಂದ.

ಸಾವಿರ. ಮೇಲೆ ಗುರುತಿನ ಹತ್ತು.

"ಮೂರು ಊರು ನೋಡಿ ಬಂದೇನ್ರಿ," ಎಂದು ತಬ್ರೇಜ ಎದ್ದು ನಿಂತರು. "ಕಾಯಿ ಎಲ್ಲಾ ಕಡೆ ಸಿಗ್ತಾವು. ಸಾವಿರ ಅಂದ ಚೀಲದಾಗ ಸಾವಿರ ಸಿಗಂಗಿಲ್ಲ. ಮೂವತ್ತು, ನಲವತ್ತು ಕಮ್ಮಿ ಇರತಾವು." ಆಮೇಲೆ ನನ್ನ ಕಡೆ ತಿರುಗಿ, "ನೀವು ನಲವತ್ಮೂರು ಅಂತ ಸುಮ್ಮಕಿದ್ದಿದ್ರ ನಾ ಬಂದು ಮಂದಿ ಎಣಿಸಿ ತಿರುಗಿ ಹೋಗ್ತಿದ್ದೆ. ನಿಮ್ಮದು ಓದಿದ ಮ್ಯಾಲೆ ಉತ್ತರ ಏನು ಬರೀಲಿ ಅಂತ ತಿಳೀಲಿಲ್ಲ. ಬಂದೇ ಬಿಡೂನು ಅಂದೆ," ಎಂದರು.

ಮಂಗಳವಾರಕ್ಕೊಂದು ಲಾರಿ. ಶೆಡ್ಡಿಗೇ ಬರುತ್ತದೆ. ಯುಗಾದಿ ಮರುವಾರದಿಂದ ಶುರು. ಕಾಗದಕ್ಕೆ ಅವರೂ ಸಹಿ ಹಾಕಿದರು, ಬಸಣ್ಣನೂ ಹಾಕಿದರು. ಹೆಂಗಸರು ಹೋ ಎಂದು ಕೂಗಿದ ಕೂಗಿಗೆ ಟಗರು ಬೆದರಿ ಓಡಿತು. ಅಮಸಿದ್ದಜ್ಜ ಅದರ ಹಿಂದೆ ಓಡಿದ.

ಉಳ್ಳಾಗಡ್ಡಿ ಸಾವಕಾರನಿಗೆ ಬಸಣ್ಣ ಅಲ್ಲೇ ಫೋನ್ ಹಚ್ಚಿದರು. "ನಿಮ್ಮ ಟೇಪು ಇಲ್ಲೇ ಉಳದೈತಿ ನೋಡ್ರಿ. ಒಯ್ದುಬಿಡ್ರಿ," ಎಂದರು. ನನ್ನನ್ನು ನೋಡಿ ಮೀಸೆ ತಿಕ್ಕಿದರು. "ನಾ ಆ ದಿನ ಒಂಚೂರು ಜೋರು ಮಾತಾಡಿದೆ," ಎಂದರು. ಕ್ಷಮೆ ಕೇಳಿದ ಹಾಗೇ ಲೆಕ್ಕ.

ಮಾರ್ಚ್ 30, ಭಾನುವಾರ, ಯುಗಾದಿ

ಬೆಳಿಗ್ಗೆ ಸಿದ್ದೀಕಾ ಕೇಳಿದಳು, "ನಿನ್ನ ಪೋಸ್ಟಿಗೆ ಎಷ್ಟು ವ್ಯೂ ಬಂದಾವ?" ನಾನು ನೋಡಿಯೇ ಇಲ್ಲ. ಈಗ ನೋಡೋಣವೆಂದು ತೆರೆದೆ. ಮೊದಲು ಕಣ್ಣಿಗೆ ಬಿದ್ದದ್ದು ಅಪ್ಪನ ಕಾಮೆಂಟ್, ತಬ್ರೇಜ ಅವರ ಅಭಿನಂದನೆಯ ಕೆಳಗೇ: "ಮಗಳೇ, ಹಬ್ಬದ ಶುಭಾಶಯ. ಊಟ ಆಯಿತೇ?"

"ಇನ್ನೂ ಇಲ್ಲ ಅಪ್ಪಾ. ಶೆಡ್ಡಿನ್ಯಾಗ ಹೋಳಿಗಿ ಮಾಡಾಕತ್ತಾರ, ಅಲ್ಲೇ ಉಣ್ತೇನ. ಅವ್ವಗ ಹೇಳು, ರೊಟ್ಟಿ ತೀರ್ಯಾವು," ಎಂದು ಎಲ್ಲರಿಗೂ ಕಾಣುವಂತೆ ಉತ್ತರ ಬರೆದು ಬಸ್ಸು ಹಿಡಿದೆ. ಎಷ್ಟು ವ್ಯೂ ಎಂದು ನೋಡುವುದು ಮತ್ತೆ ಮರೆತೇಹೋಯಿತು.

ಶೆಡ್ಡಿನಲ್ಲಿ ಎಲ್ಲರೂ ಸಾಲಾಗಿ ಕುಳಿತಿದ್ದರು. ಬೇವಿನ ಹೂ, ಬೆಲ್ಲ ಕಲಸಿದ ಬೇವಿನ ಪಾನಕದ ತಂಬಿಗೆ ಹಿಡಿದು ಶೇವಂತೆವ್ವ ನಿಂತಿದ್ದಳು. ನನ್ನನ್ನು ನೋಡಿದ್ದೇ, "ಬಾ ಇಲ್ಲಿ. ನಿನ್ನ ಬರಹದಾಗ ಎಣಿಕಿ ತಪ್ಪೈತಿ," ಎಂದಳು.

ಇನ್ನೇನು ತಪ್ಪು ಉಳಿದಿದೆ? "ಇಲ್ಲವ್ವಾ, ಎಂಟು ಮಂದಿ, ಸರಿಯಾಗಿ ಬರದೇನಿ..."

"ದಾನೇಶ್ವರಿ ಓದಿ ಹೇಳ್ಯಾಳ. ತಪ್ಪೈತಿ ಅಂದ್ರ ತಪ್ಪೈತಿ. ಕೂಡು ಅಲ್ಲಿ."

ಯಲ್ಲಾಲಿಂಗನ ಪಕ್ಕ, ಸಾಲಿನ ಕೊನೆಗೆ ನನ್ನನ್ನು ಕೂರಿಸಿದಳು. ಎಲ್ಲರ ಮುಂದೆ ಲೋಟ ಇಟ್ಟಳು. ತನ್ನ ಲೋಟದಿಂದ ಶುರು ಮಾಡಿ ಬೇವು ಸುರಿಯುತ್ತಾ ಎಣಿಸತೊಡಗಿದಳು. ಲಾಭ. ಎರಡ, ಮರೆವ್ವ. ಮೂರ, ಯಲ್ಲವ್ವ. ನಾಕ...

ನನಗೆ ಆಗ ತಿಳಿಯಿತು. "ಶೇವಂತೆವ್ವ, ನಾನು ಬರೇ ಮ್ಯಾನೇಜರ..." ಎಂದೆ.

ಅವಳು ನಿಂತಳು. ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದಳು. ನಾಲ್ಕೂ ಲೋಟದ ಬೇವನ್ನು ತಂಬಿಗೆಗೆ ವಾಪಸು ಸುರಿದಳು. ಎಲ್ಲರೂ ಗೊಳ್ಳೆಂದು ನಕ್ಕರು. ಲಗಮವ್ವ ಯಲ್ಲಾಲಿಂಗನ ಆಚೆಯಿಂದ ಕೈ ಚಾಚಿ ನನ್ನ ತೋಳು ಚಿವುಟಿ, "ಬಾಯಿಗೆ ಕೀಲಿ ಹಾಕವ್ವಾ, ಹೋಳಿಗಿ ಆರತಾವು," ಎಂದಳು.

ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

"ಲಾಭ," ಎಂದು ಶೇವಂತೆವ್ವ ಮತ್ತೆ ತನ್ನಿಂದ ಶುರು ಮಾಡಿದಳು. ನಿಧಾನಕ್ಕೆ ಸಾಲಿನುದ್ದಕ್ಕೂ ಬಂದಳು. ಏಳ, ಲಗಮವ್ವ. ಎಂಟ, ಯಲ್ಲಾಲಿಂಗ. ನನ್ನ ಲೋಟವನ್ನು ಅಂಚಿನವರೆಗೆ ತುಂಬಿಸಿದಳು.

"ಒಂಬತ್ತ," ಎಂದಳು.